ಯಾಜಕ ಕಳಿಸಿದ ವರದಿ



ವರದಿಗಾರನಾದ ನನ್ನನ್ನು ಬೈಬಲ್ಲಿನ ಹಳೆ ಒಡಂಬಡಿಕೆಯ ಒಂದು ಪ್ರಸಂಗ ಮತ್ತೆ ಮತ್ತೆ ಕಾಡುತ್ತದೆ. ಕ್ರಿ.ಪೂ. 8ನೇ ಶತಮಾನ. ಇಸ್ರೇಲನ್ನು ಎರಡನೇ ಯಾರೊಬ್ಬಾಮ ಆಳುತ್ತಿದ್ದ ಕಾಲ. ಉಳ್ಳವರ ಕೈಯಲ್ಲಿ ಹಣ ಓಡಾಡುತ್ತಿತ್ತು. ಬೇತೇಲಿನ ಗುಡಿಯಲ್ಲಿ ಬಲಿ, ಹಾಡು, ಹಬ್ಬಗಳಿಗೆ ಕೊರತೆಯಿರಲಿಲ್ಲ. ಅಲ್ಲಿಗೆ ದಕ್ಷಿಣದ ಯೆಹೂದ ರಾಜ್ಯದಿಂದ ಆಮೋಸ ಬಂದ. ತೆಕೋವ ಊರಿನವನು, ಕುರಿ ಸಾಕುವವನು, ಅತ್ತಿಮರ ನೋಡಿಕೊಳ್ಳುವವನು. ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನು ಮಾರುವವರ ಬಲಿ ದೇವರಿಗೆ ಬೇಡವೆಂದು ಸಾರಿದ.

ಬೇತೇಲಿನ ಯಾಜಕ ಅಮಚ್ಯ ಅರಸನಿಗೆ ಸುದ್ದಿ ಕಳಿಸಿದ. ಆ ವರದಿಯನ್ನು ಗಮನಿಸಿ. ಅರಸನ ಮನೆತನದ ಮೇಲೆ ಕತ್ತಿ ಬೀಳುತ್ತದೆ ಎಂಬುದು ಆಮೋಸನ ಮಾತು. ಅರಸನೇ ಕತ್ತಿಗೆ ಬಲಿಯಾಗುತ್ತಾನೆ ಎಂಬುದು ಅಮಚ್ಯ ತಿಳಿಸಿದ ಮಾತು. ಬಡವರ ವಿಷಯವನ್ನು ಪೂರ್ತಿ ಬಿಟ್ಟ. ಒಳಸಂಚಿನ ಆರೋಪ ಸೇರಿಸಿದ. ಆಮೇಲೆ ಆಮೋಸನಿಗೆ, ಇದು ಅರಸನ ಗುಡಿ, ನಿನ್ನ ನಾಡಿಗೆ ಹೋಗಿ ಹೊಟ್ಟೆ ಹೊರೆದುಕೋ ಎಂದು ಹೇಳಿದ. ಬೇತೇಲ್ ಎಂದರೆ ಹೀಬ್ರೂ ಭಾಷೆಯಲ್ಲಿ 'ದೇವರ ಮನೆ'!

ಯಾಜಕ ಹೀಗೇಕಾದ? ಉತ್ತರ ಹೋಶೇಯನಲ್ಲಿದೆ. ಪಾಪಪರಿಹಾರದ ಬಲಿಯ ಮಾಂಸದಲ್ಲಿ ಯಾಜಕನಿಗೆ ಪಾಲುಂಟು. ಜನ ತಪ್ಪು ಮಾಡಿದಷ್ಟೂ ಅವನ ಊಟ ಹೆಚ್ಚು. ತಿದ್ದಬೇಕಾದವನಿಗೆ ತಪ್ಪೇ ವರಮಾನವಾಯಿತು. ಯೆಹೂದದ ಮೀಕನಂತೂ ಕಾಸಿಗಾಗಿ ಬೋಧಿಸುವ ಯಾಜಕರನ್ನು ಲಂಚಕೋರ ನ್ಯಾಯಾಧಿಪತಿಗಳ ಸಾಲಿನಲ್ಲೇ ನಿಲ್ಲಿಸಿದ.

ಇದು ಹೊರಗಿನವರ ಹೊಟ್ಟೆಕಿಚ್ಚಲ್ಲ. ಯೆರೆಮೀಯ ಅನಾತೋತಿನ ಯಾಜಕ ಮನೆತನದವನೇ. ದೇವಾಲಯವಿದೆಯೆಂಬ ಧೈರ್ಯದಲ್ಲಿ ಅನ್ಯಾಯ ಮಾಡಬೇಡಿ ಎಂದದ್ದಕ್ಕೆ ಜೆರುಸಲೇಮಿನ ಯಾಜಕರು ಅವನಿಗೆ ಮರಣದಂಡನೆ ಕೇಳಿದರು. ಇನ್ನೊಮ್ಮೆ ಪಷ್ಹೂರನೆಂಬ ಯಾಜಕ ಅವನನ್ನು ಹೊಡೆಸಿ ಕೋಳಕ್ಕೆ ಹಾಕಿದ. ಕ್ರಿ.ಪೂ. 587 ಅಥವಾ 586ರಲ್ಲಿ ಬಾಬಿಲೋನಿನವರು ಆ ದೇವಾಲಯವನ್ನೇ ಸುಟ್ಟರು. ಅದು ಮತ್ತೆ ಎದ್ದ ಮೇಲೆ ಬಂದ ಮಲಾಕಿಯ, ಕುಂಟು ಕುರುಡು ಪ್ರಾಣಿಗಳನ್ನು ಬಲಿಗೆ ಒಪ್ಪುವ ಯಾಜಕರನ್ನು ತರಾಟೆಗೆ ತೆಗೆದುಕೊಂಡ. ಆದರೆ ಅವನೇ ಒಳ್ಳೆಯ ಯಾಜಕನ ಚಿತ್ರವನ್ನೂ ಕೊಟ್ಟ: ನಾಲಿಗೆಯಲ್ಲಿ ಸುಳ್ಳಿಲ್ಲದವನು, ಜನರನ್ನು ತಪ್ಪುದಾರಿಯಿಂದ ಹಿಂತಿರುಗಿಸುವವನು.

ಕೊನೆಗೆ ಏನಾಯಿತು? ಯಾರೊಬ್ಬಾಮ ಕತ್ತಿಯಿಂದ ಸತ್ತನೆಂದು ಅರಸರ ಗ್ರಂಥ ಹೇಳುವುದಿಲ್ಲ. ಅವನ ಮಗ ಜೆಕರ್ಯ ಆರು ತಿಂಗಳು ಆಳಿ ಕೊಲೆಯಾದ. ಮನೆತನದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆಮೋಸನ ಮಾತು, ಅಮಚ್ಯನ ವರದಿ ಎರಡೂ ಒಂದೇ ಪುಸ್ತಕದಲ್ಲಿ, ಒಂದೇ ಪುಟದಲ್ಲಿ ಎಂಬಷ್ಟು ಹತ್ತಿರದಲ್ಲಿ ಉಳಿದಿವೆ. ಪಕ್ಕ ಪಕ್ಕ ಇಟ್ಟು ಓದಿ ನೋಡಿ. ಯಾರದು ಸತ್ಯ, ಯಾರದು ಹೊಟ್ಟೆಪಾಡು ಎಂಬುದು ತಾನಾಗಿ ತಿಳಿಯುತ್ತದೆ.