ಡಿಕ್ಲೇರ್ ಯಾವಾಗ? ಟೆಸ್ಟ್ ನಾಯಕನ ಲೆಕ್ಕಾಚಾರ

ನರಸಾಪುರದ ಆಸುಪಾಸಿನಲ್ಲಿ ಭಾನುವಾರ ಬಂತೆಂದರೆ ಟೆನಿಸ್ ಬಾಲ್ ಪಂದ್ಯಗಳ ಸಡಗರ. ಊರ ಹುಡುಗರು, ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದವರು, ಎಲ್ಲ ಸೇರಿ ಎಂಟೋ ಹತ್ತೋ ಓವರಿನ ಆಟ. ಅಲ್ಲಿ ನಾಯಕನಿಗೆ ದೊಡ್ಡ ತಲೆನೋವು ಒಂದೇ: ಕೊನೆಯ ಓವರ್ ಯಾರ ಕೈಗೆ ಕೊಡುವುದು? ಟೆಸ್ಟ್ ನಾಯಕನ ಪಾಡು ಬೇರೆ. ರನ್ನನ್ನು ಎಷ್ಟೇ ಗುಡ್ಡೆ ಹಾಕಿದರೂ ಎದುರಾಳಿಯನ್ನು ಎರಡು ಸಲ ಔಟ್ ಮಾಡದಿದ್ದರೆ ಐದನೇ ದಿನದ ಸಂಜೆ ಡ್ರಾಕ್ಕೆ ಕೈ ಕುಲುಕಬೇಕು. ಹಾಗಾಗಿ ಅವನು ರನ್ನಿನ ಜೊತೆಗೆ ಇನ್ನೆರಡು ಲೆಕ್ಕ ಇಡುತ್ತಾನೆ: ಉಳಿದಿರುವ ಸಮಯ ಎಷ್ಟು, ಬೌಲರುಗಳ ಮೈಯಲ್ಲಿ ಉಳಿದಿರುವ ಕಸುವು ಎಷ್ಟು. ಒಂದನ್ನು ಉಳಿಸಲು ಹೋದರೆ ಇನ್ನೊಂದು ಖರ್ಚಾಗುತ್ತದೆ. ಅವನ ಎಲ್ಲ ತೀರ್ಮಾನಗಳೂ ಈ ಇಕ್ಕಟ್ಟಿನಲ್ಲೇ ಹುಟ್ಟುತ್ತವೆ.

ಮೊದಲು ಡಿಕ್ಲೇರ್ ವಿಷಯ, ಅಂದರೆ ವಿಕೆಟ್ ಉಳಿದಿರುವಾಗಲೇ ಇನಿಂಗ್ಸ್ ಮುಗಿಸುವುದು. 2004ರ ಮಾರ್ಚ್, ಪಾಕಿಸ್ತಾನದ ಮುಲ್ತಾನ್. ಗಾಯಗೊಂಡಿದ್ದ ಸೌರವ್ ಗಂಗೂಲಿ ಬದಲಿಗೆ ನಮ್ಮ ರಾಹುಲ್ ದ್ರಾವಿಡ್ ನಾಯಕ. ವೀರೇಂದ್ರ ಸೆಹ್ವಾಗ್ 309 ಹೊಡೆದು, ತ್ರಿಶತಕ ಬಾರಿಸಿದ ಮೊದಲ ಭಾರತೀಯರಾದರು. ಎರಡನೇ ದಿನ ಸಚಿನ್ ತೆಂಡೂಲ್ಕರ್ 194ರಲ್ಲಿದ್ದಾಗ ಯುವರಾಜ್ ಸಿಂಗ್ ಔಟಾದರು. ತಂಡದ ಮೊತ್ತ 5 ವಿಕೆಟ್‌ಗೆ 675. ದ್ರಾವಿಡ್ ಅಲ್ಲೇ ಡಿಕ್ಲೇರ್ ಮಾಡಿದರು. ದ್ವಿಶತಕಕ್ಕೆ ಆರೇ ರನ್ ಬಾಕಿಯಿತ್ತು, ದೇಶದ ತುಂಬ ಗುಲ್ಲೆದ್ದಿತು. ನಾಯಕನ ಲೆಕ್ಕ ನೋಡಿ: ಇಡೀ ದಿನ ಬಿಸಿಲಲ್ಲಿ ಫೀಲ್ಡಿಂಗ್ ಮಾಡಿ ಬಸವಳಿದ ಆರಂಭಿಕ ದಾಂಡಿಗರನ್ನು ಆ ಸಂಜೆಯೇ ಹೊಸ ಚೆಂಡಿನ ಎದುರು ನಿಲ್ಲಿಸಬೇಕು.

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹಾಕುವ ರೈತರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಇನ್ನೆರಡು ದಿನ ತಡೆದರೆ ರೇಟು ಏರಬಹುದು, ಅಷ್ಟರಲ್ಲಿ ಹಣ್ಣು ಮೆತ್ತಗಾಗಲೂಬಹುದು. ಮುಲ್ತಾನಿನಲ್ಲಿ ದ್ರಾವಿಡ್ ಕಾಯಲಿಲ್ಲ. ಪಾಕಿಸ್ತಾನ 407ಕ್ಕೆ ಆಲೌಟ್. ಫಾಲೋ ಆನ್ ಹೇರಿದಾಗ ಅನಿಲ್ ಕುಂಬ್ಳೆ 72 ರನ್ನಿಗೆ 6 ವಿಕೆಟ್ ಕಿತ್ತರು. ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಬಂತು, ಇನಿಂಗ್ಸ್ ಮತ್ತು 52 ರನ್ನುಗಳಿಂದ.

ಇನ್ನು ಈ ಫಾಲೋ ಆನ್. ಐದು ದಿನದ ಪಂದ್ಯದಲ್ಲಿ ಮೊದಲು ಬ್ಯಾಟ್ ಮಾಡಿದ ತಂಡಕ್ಕೆ 200 ಅಥವಾ ಹೆಚ್ಚು ರನ್ ಮುನ್ನಡೆ ಸಿಕ್ಕರೆ, ಎದುರಾಳಿಯನ್ನು ಕೂಡಲೇ ಮತ್ತೆ ಬ್ಯಾಟಿಂಗಿಗೆ ಇಳಿಸುವ ಹಕ್ಕು ಅದರ ನಾಯಕನದು. ಸಮಯ ಉಳಿಯುತ್ತದೆ, ಬೌಲರುಗಳಿಗೆ ಮಾತ್ರ ವಿಶ್ರಾಂತಿ ಇಲ್ಲ. 2001ರಲ್ಲಿ ಕೋಲ್ಕತ್ತದಲ್ಲಿ 274 ರನ್ ಮುನ್ನಡೆ ಪಡೆದ ಆಸ್ಟ್ರೇಲಿಯಾದ ಸ್ಟೀವ್ ವಾ ಫಾಲೋ ಆನ್ ಹೇರಿದರು. ವಿ.ವಿ.ಎಸ್. ಲಕ್ಷ್ಮಣ್ 281, ದ್ರಾವಿಡ್ 180. ನಾಲ್ಕನೇ ದಿನವಿಡೀ ಒಂದೂ ವಿಕೆಟ್ ಬೀಳಲಿಲ್ಲ. ಸುಸ್ತಾದ ಬೌಲರುಗಳ ಮೇಲೆ 376 ರನ್ ಜೊತೆಯಾಟ, ಕೊನೆಗೆ ಭಾರತಕ್ಕೆ 171 ರನ್ ಜಯ.

ಆ ದಿನ ಕ್ರೀಸಿನಲ್ಲಿದ್ದ ದ್ರಾವಿಡ್‌ಗೆ 2007ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ನಾಯಕನಾಗಿ ಅದೇ ಪ್ರಶ್ನೆ ಎದುರಾಯಿತು. ಭಾರತ 664, ಅದರಲ್ಲಿ ಕುಂಬ್ಳೆ ಅವರ ಏಕೈಕ ಟೆಸ್ಟ್ ಶತಕವೂ ಸೇರಿತ್ತು. ಇಂಗ್ಲೆಂಡ್ 345. ಮುನ್ನಡೆ 319 ಇದ್ದರೂ ದ್ರಾವಿಡ್ ಫಾಲೋ ಆನ್ ಹೇರಲಿಲ್ಲ. ಮತ್ತೆ ಬ್ಯಾಟ್ ಮಾಡಿ 11ಕ್ಕೆ 3 ವಿಕೆಟ್ ಕಳೆದುಕೊಂಡಾಗ ತಾವೇ 96 ಎಸೆತ ಆಡಿ 12 ರನ್ ಮಾಡಿದರು. ಪಂದ್ಯ ಡ್ರಾ ಆಯಿತು, ಹೇಡಿತನ ಎಂದು ಬೈದವರು ಬಹಳ. ಮುಲ್ತಾನ್ ಸರಣಿಯ ಮೊದಲ ಪಂದ್ಯ, ಓವಲ್ ಕೊನೆಯದು. ಆಗಲೇ ಭಾರತ 1-0 ಮುಂದಿತ್ತು, ಬೌಲರುಗಳು ದಣಿದಿದ್ದರು. ಸೋಲದಿದ್ದರೆ ಸಾಕು, 1986ರ ನಂತರ ಇಂಗ್ಲೆಂಡಿನಲ್ಲಿ ಮೊದಲ ಸರಣಿ ಕೈಗೆ. ಹಾಗೇ ಆಯಿತು. ಇನ್ನೊಂದು ಪಂದ್ಯ ಗೆಲ್ಲುವ ಅವಕಾಶ ಬಿಟ್ಟರು ಎನ್ನುವ ದೂರಿನಲ್ಲೂ ಹುರುಳಿದೆ. ಆದರೆ ಏನು ಪಡೆಯಲು ಏನು ಬಿಟ್ಟೆ ಎನ್ನುವುದು ಅವರಿಗೆ ಸ್ಪಷ್ಟವಿತ್ತು.

ಸಣ್ಣ ತೀರ್ಮಾನಗಳ ತೂಕವೂ ಕಡಿಮೆಯೇನಲ್ಲ. 2008ರ ಜನವರಿ, ಪರ್ತ್. ಸತತ 16 ಟೆಸ್ಟ್ ಗೆದ್ದ ಆಸ್ಟ್ರೇಲಿಯಾದ ಎದುರು ಅನಿಲ್ ಕುಂಬ್ಳೆ ನಾಯಕ. ಎರಡನೇ ದಿನದ ಕೊನೆಗೆ ವಿಕೆಟ್ ಬಿದ್ದಾಗ ದ್ರಾವಿಡ್ ಬದಲು ಇರ್ಫಾನ್ ಪಠಾಣ್ ಕ್ರೀಸಿಗೆ ಬಂದರು. ಇದು ನೈಟ್ ವಾಚ್‌ಮನ್ ಉಪಾಯ, ಮುಖ್ಯ ದಾಂಡಿಗನನ್ನು ಸಂಜೆಯ ಅಪಾಯದಿಂದ ಕಾಯುವುದು. ಕಾವಲಿಗೆ ಬಂದ ಪಠಾಣ್ ಮರುದಿನ 46 ರನ್ ಕೂಡಿಸಿದರು. ಆಸ್ಟ್ರೇಲಿಯಾಕ್ಕೆ 413 ರನ್ ಗುರಿ.

ನಾಲ್ಕನೇ ದಿನದ ಬೆಳಿಗ್ಗೆ 19ರ ಹುಡುಗ ಇಶಾಂತ್ ಶರ್ಮ ಒಂದೇ ಸಮನೆ ಎಸೆದು ರಿಕಿ ಪಾಂಟಿಂಗ್ ಅವರನ್ನು ಕಾಡುತ್ತಿದ್ದ. ಚೆಂಡು ಬ್ಯಾಟಿನ ಅಂಚಿನ ಪಕ್ಕದಲ್ಲೇ ಹಾಯುತ್ತಿತ್ತು, ತಗಲುತ್ತಿರಲಿಲ್ಲ. ದಣಿದಿರಬಹುದೆಂದು ಕುಂಬ್ಳೆ ಬೌಲರನ್ನು ಬದಲಿಸಲು ಹೊರಟಾಗ ಸೆಹ್ವಾಗ್ ತಡೆದರು. ದೆಹಲಿ ತಂಡದಲ್ಲಿ ಅವನು ಉದ್ದುದ್ದ ಸ್ಪೆಲ್ ಹಾಕುವುದನ್ನು ಅವರು ಕಂಡಿದ್ದರು. ಇನ್ನೊಂದು ಓವರ್ ಹಾಕುತ್ತೀಯಾ ಎಂದು ಕುಂಬ್ಳೆ ಕೇಳಿದರು, ಹುಡುಗ ಹೂಂ ಎಂದ. ಆ ಓವರಿನಲ್ಲೇ ಪಾಂಟಿಂಗ್ ಬ್ಯಾಟಿನ ಅಂಚು ಸವರಿದ ಚೆಂಡು ಸ್ಲಿಪ್‌ನಲ್ಲಿ ದ್ರಾವಿಡ್ ಕೈ ಸೇರಿತು. ಭಾರತ 72 ರನ್ನುಗಳಿಂದ ಗೆದ್ದಿತು. ಬೇರೆಯವರ ಮಾತಿಗೆ ತನ್ನ ತೀರ್ಮಾನ ಬದಲಿಸಿಕೊಳ್ಳುವುದೂ ನಾಯಕನ ಗುಣವೇ.

ಲೆಕ್ಕಕ್ಕೆ ಸಿಗದ ತೀರ್ಮಾನಗಳೂ ಇವೆ. 1980ರ ಮುಂಬಯಿ ಜುಬಿಲಿ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ಜಿ.ಆರ್. ವಿಶ್ವನಾಥ್ ವಾಪಸು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಜೊತೆಯಾಟ 171ಕ್ಕೆ ಬೆಳೆಯಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆದರೂ ಆ ಕರೆಯನ್ನು ತಪ್ಪು ಎಂದು ಹೇಳಲು ನಾಲಿಗೆ ಹೊರಳುವುದಿಲ್ಲ.

ಫಲ ನೋಡಿ ನಾಯಕನನ್ನು ಹೊಗಳುವುದು, ತೆಗಳುವುದು ಸುಲಭ. ಮುಂದಿನ ಟೆಸ್ಟ್ ನೋಡುವಾಗ ಡಿಕ್ಲೇರ್ ಆದ ಕ್ಷಣದಲ್ಲೇ ಮೂರು ಸಂಗತಿ ಗಮನಿಸಿ: ಎಷ್ಟು ಓವರ್ ಬಾಕಿ ಇದೆ, ಮುಖ್ಯ ಬೌಲರ್ ಆಗಲೇ ಎಷ್ಟು ಎಸೆದಿದ್ದಾನೆ, ಸರಣಿಯಲ್ಲಿ ಯಾರು ಮುಂದಿದ್ದಾರೆ. ನಿಮ್ಮ ತೀರ್ಪನ್ನು ಆಗಲೇ ಹೇಳಿಬಿಡಿ, ಐದನೇ ದಿನದ ಸಂಜೆಯವರೆಗೆ ಕಾಯಬೇಡಿ. ನಾಯಕನಿಗೂ ಅಷ್ಟು ಹೊತ್ತು ಕಾಯುವ ಸವಲತ್ತು ಇರುವುದಿಲ್ಲ.