ಬಂಪರಿನಿಂದ ಚೆಂಡಾಟಕ್ಕೆ



ಹೊಸೂರಿನ ಕಡೆಯವರಾದ ನಿಮಗೆ ಬಂಪರ್ ಎಂದರೇನು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಲಾರಿ, ಮೋಟರ್ ಸೈಕಲ್ಲುಗಳ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ನಿಮ್ಮ ಊರಿನಲ್ಲಿ ಬೇಕಾದಷ್ಟಿವೆ. ಉಳಿದ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ: ವಾಹನದ ಮುಂದೆಯೂ ಹಿಂದೆಯೂ ಇದ್ದು, ಡಿಕ್ಕಿಯಾದಾಗ ಮೊದಲ ಪೆಟ್ಟು ತಿನ್ನುವ ಅಡ್ಡಪಟ್ಟಿಯೇ ಬಂಪರ್. ಅದರ ಅಂದ ನೋಡಿ ಯಾರೂ ಗಾಡಿ ಕೊಳ್ಳುವುದಿಲ್ಲ. ಆದರೆ ಅದನ್ನೇ ಮಾಡಿ ಮಾರಿ, ಅಮೆರಿಕದಲ್ಲಿ ಒಂದು, ಇಂಗ್ಲೆಂಡಿನಲ್ಲಿ ಒಂದು, ಹೀಗೆ ಎರಡು ವೃತ್ತಿಪರ ತಂಡಗಳ ಒಡೆಯರಾದವರು ಒಬ್ಬರಿದ್ದಾರೆ. ಅವರ ಹೆಸರು ಶಾಹಿದ್ ಖಾನ್. ತಮ್ಮ ಕೈಯಿಂದಲೇ ಮೇಲೆ ಬಂದವರು ಎಂದು ಪತ್ರಿಕೆಗಳು ಅವರನ್ನು ಹೊಗಳುತ್ತವೆ. ಈ ಮಾತು ಎಷ್ಟು ನಿಜ, ಅದರಲ್ಲಿ ಬೇರೆಯವರ ಕೈ ಎಷ್ಟಿದೆ ಎಂಬುದನ್ನು ಇವತ್ತು ನಿಮ್ಮೊಂದಿಗೆ ಲೆಕ್ಕ ಹಾಕಿ ನೋಡೋಣ ಎಂದಿದ್ದೇನೆ.

ಖಾನ್ ಅವರು ಹುಟ್ಟಿದ್ದು 1950ರಲ್ಲಿ, ಲಾಹೋರಿನಲ್ಲಿ. ಬಡವರ ಮನೆಯೇನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಂಥ ಕಥೆಗಳ ನಾಯಕನನ್ನು ಗುಡಿಸಲಿನಲ್ಲೇ ಹುಟ್ಟಿಸುವ ಚಟ ನಮಗಿದೆ. ಮನೆಯವರು ವ್ಯಾಪಾರಸ್ಥರು, ತಾಯಿ ಗಣಿತ ಕಲಿಸುತ್ತಿದ್ದವರು. 1967ರಲ್ಲಿ, ಹದಿನಾರನೆಯ ವಯಸ್ಸಿಗೆ, ಹುಡುಗ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೊರಟ. ಅಲ್ಲಿ ಹಿಮ ಸುರಿಯುತ್ತಿತ್ತು. ಮೊದಲ ರಾತ್ರಿಯನ್ನು ಕಳೆದದ್ದು ವೈಎಂಸಿಎಯ ಕೋಣೆಯಲ್ಲಿ, ಎರಡು ಡಾಲರ್ ಬಾಡಿಗೆಗೆ. ಕೈಯಲ್ಲಿದ್ದ ದುಡ್ಡು ಹೀಗೆ ಕರಗಿದರೆ ಗತಿಯೇನು ಎಂಬ ಚಿಂತೆ. ಮರುದಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು, ಗಂಟೆಗೆ 1 ಡಾಲರ್ 20 ಸೆಂಟಿನಂತೆ. ಊರಿನಲ್ಲಿ ಬಿಟ್ಟು ಬಂದ ಬಹುಪಾಲು ಜನರಿಗಿಂತ ಇದು ಹೆಚ್ಚಿನ ಸಂಪಾದನೆ ಎಂದು ಆಗ ಅನಿಸಿತಂತೆ. ಈ ಮಾತನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಓದುತ್ತಿರುವಾಗಲೇ ಅವರು ಫ್ಲೆಕ್ಸ್-ಎನ್-ಗೇಟ್ ಎಂಬ ಬಿಡಿಭಾಗಗಳ ಕಂಪನಿ ಸೇರಿದರು. 1971ರಲ್ಲಿ ಪದವಿ ಬಂದ ಮೇಲೆ ಅಲ್ಲಿನ ಎಂಜಿನಿಯರಿಂಗ್ ವಿಭಾಗ ಅವರ ಕೈಗೆ ಬಂತು. ಆ ಕಾಲದ ಪಿಕಪ್ ಗಾಡಿಯ ಹಿಂದಿನ ಬಂಪರ್ ಎಂದರೆ ಹಲವಾರು ತುಂಡುಗಳನ್ನು ಜೋಡಿಸಿ ವೆಲ್ಡಿಂಗ್ ಮಾಡಿದ ಭಾರದ ಸಾಮಾನು. ಬೆಸುಗೆ ಇದ್ದ ಕಡೆಯೆಲ್ಲ ತುಕ್ಕು, ತುಂಡು ಹೆಚ್ಚಿದಷ್ಟೂ ಕೂಲಿ. ಒಂದೇ ತಗಡನ್ನು ಪ್ರೆಸ್ಸಿಗೆ ಕೊಟ್ಟು, ಇಡೀ ಬಂಪರನ್ನು ಒಂದೇ ತುಂಡಾಗಿ ಏಕೆ ಒತ್ತಬಾರದು ಎಂದು ಖಾನ್ ಯೋಚಿಸಿದರು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಅಮೆರಿಕದ ಕಾರು ಕಂಪನಿಗಳು ಪೆಟ್ರೋಲಿನ ಬೆಲೆಗೆ ಹೆದರಿ ಗಾಡಿಯ ತೂಕ ಇಳಿಸಲು ಒದ್ದಾಡುತ್ತಿದ್ದ ಹೊತ್ತು ಅದು. 1978ರಲ್ಲಿ ಅವರು ಕೆಲಸ ಬಿಟ್ಟು, ಕೂಡಿಟ್ಟ ಹಣಕ್ಕೆ 50,000 ಡಾಲರ್ ಸಾಲ ಸೇರಿಸಿ, ಬಂಪರ್ ವರ್ಕ್ಸ್ ಎಂಬ ಸ್ವಂತ ಕಾರ್ಖಾನೆ ತೆರೆದರು. ಸಾಲ ಬಂದದ್ದು ಸಣ್ಣ ಉದ್ಯಮಗಳಿಗಾಗಿ ಅಮೆರಿಕ ಸರ್ಕಾರ ಇಟ್ಟಿರುವ ಇಲಾಖೆಯಿಂದ. ಎರಡೇ ವರ್ಷದಲ್ಲಿ, 1980ರಲ್ಲಿ, ತಾವು ಸಂಬಳಕ್ಕಿದ್ದ ಫ್ಲೆಕ್ಸ್-ಎನ್-ಗೇಟನ್ನೇ ಕೊಂಡುಕೊಂಡರು.

ನಮ್ಮ ಲೆಕ್ಕದ ಪುಸ್ತಕದಲ್ಲಿ ಸರ್ಕಾರದ ಸಾಲ ಮೊದಲ ಕೈ. ಎರಡನೆಯದು ಜಪಾನಿನ ಟೊಯೋಟಾ. 1984ರಲ್ಲಿ ಟೊಯೋಟಾ ಪಿಕಪ್ಪುಗಳಿಗೆ ಸ್ವಲ್ಪ ಬಂಪರ್ ಕೊಡುವುದರಿಂದ ಶುರುವಾಗಿ, 1989ರ ಹೊತ್ತಿಗೆ ಅಮೆರಿಕದಲ್ಲಿ ಆ ಕಂಪನಿಗೆ ಬೇಕಾದ ಬಂಪರುಗಳನ್ನೆಲ್ಲ ಖಾನ್ ಅವರೇ ಕೊಡುವಂತಾಯಿತು. ಆದರೆ ಟೊಯೋಟಾ ಕೇಳುವ ಬೆಲೆ, ಗುಣ, ಗಡುವು ಮೂರನ್ನೂ ಒಟ್ಟಿಗೆ ಮುಟ್ಟುವುದು ಕಷ್ಟವಾಯಿತು. ಆಗ ಟೊಯೋಟಾ ಗುತ್ತಿಗೆ ಕಿತ್ತುಕೊಳ್ಳಲಿಲ್ಲ. 1990ರಲ್ಲಿ ತನ್ನವರನ್ನೇ ಡ್ಯಾನ್‌ವಿಲ್ಲಿನ ಬಂಪರ್ ಕಾರ್ಖಾನೆಗೆ ಕಳಿಸಿ ಕೆಲಸ ಕಲಿಸಿತು. ಮುಖ್ಯ ಪಾಠ ಡೈ ಬದಲಿಸುವುದು. ಪ್ರೆಸ್ಸಿನಲ್ಲಿ ದುಡಿದವರಿಗೆ ಗೊತ್ತು: ಒಂದು ಮಾದರಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಭಾರದ ಅಚ್ಚನ್ನು ಇಳಿಸಿ ಬೇರೆಯದನ್ನು ಕೂರಿಸಬೇಕು, ಅಷ್ಟು ಹೊತ್ತೂ ಯಂತ್ರ ಸುಮ್ಮನೆ ನಿಂತಿರುತ್ತದೆ. ಆ ಭಯಕ್ಕೆ ಒಂದೇ ಮಾದರಿಯನ್ನು ರಾಶಿ ರಾಶಿ ಒತ್ತಿ ಗೋದಾಮು ತುಂಬುತ್ತಾರೆ. ದುಡ್ಡು ಅಲ್ಲಿ ಕೊಳೆಯುತ್ತದೆ. ಒಂದೂವರೆ ಗಂಟೆ ಹಿಡಿಯುತ್ತಿದ್ದ ಆ ಕೆಲಸ ಅರ್ಧ ಗಂಟೆಗೂ ಕಡಿಮೆಗೆ ಇಳಿಯಿತು. ಗಿರಾಕಿಯೇ ಮೇಷ್ಟರಾಗಿ ಬಂದ ಇಂಥ ಭಾಗ್ಯ ನಮ್ಮ ಕಡೆಯ ಎಷ್ಟು ಶೆಡ್ಡುಗಳಿಗೆ ಸಿಕ್ಕೀತು?

ಕಾರ್ಖಾನೆಯ ಕಥೆ ಎಲ್ಲವೂ ಹೊಳೆಯುವ ಕ್ರೋಮಿಯಂ ಲೇಪವಲ್ಲ. ಅರ್ಬಾನಾದ ಘಟಕದಲ್ಲಿ ಅಪಾಯದ ರಾಸಾಯನಿಕಗಳ ಬಗ್ಗೆ ಕಾರ್ಮಿಕರು ದೂರು ಕೊಟ್ಟು, 2012ರಲ್ಲಿ ಕೆಲಸಗಾರರ ಸುರಕ್ಷತೆಯ ಇಲಾಖೆ ಕಂಪನಿಗೆ ದಂಡ ಹಾಕಿತು. ಮೇಲೆ ಬಂದವರ ಕಥೆ ಹೇಳುವಾಗ ಈ ಪುಟವನ್ನು ಹಾರಿಸುವುದು ವಾಡಿಕೆ. ತಟ್ಟೆ ತೊಳೆದವರೇ ಒಡೆಯರಾದ ಕಾರ್ಖಾನೆ ಎಂಬ ಕಾರಣಕ್ಕೇ ಇದನ್ನು ಹೇಳಬೇಕು ಎಂದು ನನಗನಿಸುತ್ತದೆ.

ಅದೇ 2012ರ ಜನವರಿಯಲ್ಲಿ ಖಾನ್ ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡದ ಒಡೆಯರಾದರು. ಅದು ಅಮೆರಿಕನ್ ಫುಟ್‌ಬಾಲ್ ತಂಡ, ನಮ್ಮ ಕಾಲ್ಚೆಂಡಲ್ಲ; ಶಿರಸ್ತ್ರಾಣ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ. 32 ತಂಡಗಳ ಆ ಕೂಟಕ್ಕೆ ಅಲ್ಪಸಂಖ್ಯಾತ ಜನಾಂಗದಿಂದ ಬಂದ ಮೊದಲ ಒಡೆಯರು ಅವರು. ಮುಂದಿನ ವರ್ಷ ಲಂಡನ್ನಿನ ಫುಲಹ್ಯಾಮ್ ಎಂಬ ಹಳೆಯ ಕಾಲ್ಚೆಂಡು ತಂಡವನ್ನೂ ಮೊಹಮದ್ ಅಲ್ ಫಯೇದ್ ಅವರಿಂದ ಕೊಂಡರು.

ಇಲ್ಲಿ ಒಂದು ಸೋಜಿಗ ಕೇಳಿ. ಅಮೆರಿಕದಲ್ಲಿ ಸೋತ ತಂಡಕ್ಕೆ ಶಿಕ್ಷೆಯಿಲ್ಲ. ಟಿವಿಯ ಹಣ ಎಲ್ಲರಿಗೂ ಹಂಚಿಕೆಯಾಗುತ್ತದೆ, ಎಲ್ಲರಿಗಿಂತ ಕೆಳಗಿದ್ದವರಿಗೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ, ಕೊನೆಯ ಮೂರು ತಂಡಗಳನ್ನು ಕೆಳಗಿನ ದರ್ಜೆಗೆ ನೂಕುತ್ತಾರೆ, ವರಮಾನವೂ ಬಿದ್ದುಹೋಗುತ್ತದೆ. ಬಂಡವಾಳಶಾಹಿಯ ತವರು ಎನ್ನಿಸಿಕೊಂಡ ಅಮೆರಿಕದಲ್ಲೇ ಒಡೆಯರಿಗೆ ಇಷ್ಟು ಮೆತ್ತನೆಯ ಹಾಸಿಗೆ! ಖಾನ್ ಎರಡರ ರುಚಿಯನ್ನೂ ಕಂಡರು. ಜಾಗ್ವಾರ್ಸ್ ಅವರ ಮೊದಲ ಋತುವಿನಲ್ಲಿ 16 ಪಂದ್ಯಗಳಲ್ಲಿ 14 ಸೋತಿತು, 2020ರಲ್ಲಿ 15 ಸೋತಿತು. ತಂಡ ಇದ್ದಲ್ಲೇ ಇತ್ತು. 13 ವರ್ಷ ಮೇಲಿನ ದರ್ಜೆಯಲ್ಲಿದ್ದ ಫುಲಹ್ಯಾಮ್ ಮಾತ್ರ 2014ರಲ್ಲಿ ಕೆಳಗಿಳಿಯಿತು. 2018ರಲ್ಲಿ ಮೇಲೆ, 2019ರಲ್ಲಿ ಕೆಳಗೆ, 2020ರಲ್ಲಿ ಮೇಲೆ, 2021ರಲ್ಲಿ ಕೆಳಗೆ, 2022ರಲ್ಲಿ ಮತ್ತೆ ಮೇಲೆ. ಹಳೆಯ ಒಡೆಯರು ಮೈದಾನದ ಮುಂದೆ ನಿಲ್ಲಿಸಿದ್ದ ಮೈಕೆಲ್ ಜಾಕ್ಸನ್ ಪ್ರತಿಮೆಯನ್ನು ಖಾನ್ ತೆಗೆಸಿದ್ದರು. ಅದಕ್ಕೇ ಈ ದೆಸೆ ಬಂತು ಎಂದು ಅಲ್ ಫಯೇದ್ ಹೇಳಿದರು. ತಗಡಾದರೆ ಒತ್ತಿದಂತೆ ಬಾಗುತ್ತದೆ, ಹನ್ನೊಂದು ಜನ ಬಾಗಬೇಕಲ್ಲ!

2017ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಪದಗ್ರಹಣ ಸಮಾರಂಭಕ್ಕೆ ಖಾನ್ 10 ಲಕ್ಷ ಡಾಲರ್ ಕೊಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ರಾಷ್ಟ್ರಗೀತೆಯ ಹೊತ್ತು ಮೊಣಕಾಲೂರಿ ಪ್ರತಿಭಟಿಸುತ್ತಿದ್ದ ಆಟಗಾರರನ್ನು ಅಧ್ಯಕ್ಷರು ಬೈದಾಗ, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ತಮ್ಮ ಆಟಗಾರರ ತೋಳಿಗೆ ತೋಳು ಸೇರಿಸಿ ನಿಂತರು. ದುಡ್ಡು ಕೊಟ್ಟ ಕೈಯೂ ಅದೇ, ತೋಳು ಸೇರಿಸಿದ ಕೈಯೂ ಅದೇ.

ಇನ್ನು ಲೆಕ್ಕದ ಕೊನೆಯ ಬಾಬ್ತು. ಜ್ಯಾಕ್ಸನ್‌ವಿಲ್ ಇಂಥ ತಂಡ ಇಟ್ಟುಕೊಂಡ ಊರುಗಳಲ್ಲಿ ಸಣ್ಣ ಪೈಕಿಯದು. ಅಮೆರಿಕದಲ್ಲಿ ಒಡೆಯ ಮನಸ್ಸು ಮಾಡಿದರೆ, ಉಳಿದ ಒಡೆಯರು ಒಪ್ಪಿದರೆ, ತಂಡ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋಗಬಹುದು. ಸೇಂಟ್ ಲೂಯಿಸ್, ಓಕ್ಲೆಂಡ್ ಊರುಗಳ ಜನ ಅದನ್ನು ಅನುಭವಿಸಿದ್ದಾರೆ. ಜಾಗ್ವಾರ್ಸ್ 2013ರಿಂದ ಲಂಡನ್ನಿನಲ್ಲೂ ಪಂದ್ಯ ಆಡತೊಡಗಿದಾಗ ಜ್ಯಾಕ್ಸನ್‌ವಿಲ್ಲಿನವರಿಗೆ ಎದೆ ಢವಢವ ಎಂದಿತು. 2024ರ ಜೂನ್‌ನಲ್ಲಿ ನಗರಸಭೆ ಒಂದು ಒಪ್ಪಂದಕ್ಕೆ ಮಂಜೂರಾತಿ ಕೊಟ್ಟಿತು. ಕ್ರೀಡಾಂಗಣದ ನವೀಕರಣಕ್ಕೆ 140 ಕೋಟಿ ಡಾಲರ್; ಅದರಲ್ಲಿ 77.5 ಕೋಟಿ ಊರಿನ ಬೊಕ್ಕಸದಿಂದ, 62.5 ಕೋಟಿ ತಂಡದಿಂದ. ಕ್ರೀಡಾಂಗಣ ನಗರದ್ದೇ ಆಗಿ ಉಳಿಯುತ್ತದೆ, ಖರ್ಚು ಮೀರಿದರೆ ಭರಿಸುವುದು ತಂಡದ ಹೊಣೆ, ತಂಡ 30 ವರ್ಷ ಊರು ಬಿಡುವಂತಿಲ್ಲ.

1978ರಲ್ಲಿ ಸರ್ಕಾರದಿಂದ ಬಂದ 50,000 ಡಾಲರನ್ನು ಹಿಂದಕ್ಕೆ ಕಟ್ಟಬೇಕಾಗಿತ್ತು. ಈ 77.5 ಕೋಟಿಯನ್ನು ಕಟ್ಟುವವರು ಆ ಊರಿನ ತೆರಿಗೆದಾರರು; ಅವರಲ್ಲಿ ಇವತ್ತು ಗಂಟೆಯ ಕೂಲಿಗೆ ಹೋಟೆಲಿನಲ್ಲಿ ತಟ್ಟೆ ತೊಳೆಯುವವರೂ ಇದ್ದಾರೆ, ಭಾನುವಾರ ಜಾಗ್ವಾರ್ಸ್ ಅಂಗಿ ತೊಟ್ಟು ಕೂಗುವವರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ.