ವಿದೇಶಕ್ಕೆ ಹೊರಟಿದ್ದೀರಾ? ಕಾರ್ಡ್‌ನಿಂದ ದುಡ್ಡು ಎಲ್ಲೆಲ್ಲಿ ಸೋರುತ್ತೆ ನೋಡಿ

ಬೆಂಗಳೂರಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ನಾಲ್ಕು ಜನ ಫ್ರೆಂಡ್ಸ್ ಸೇರಿ ಥಾಯ್ಲೆಂಡ್‌ಗೆ ಹೊರಡೋದು ಈಗ ದೊಡ್ಡ ಸಂಗತಿಯೇನಲ್ಲ. ಟಿಕೆಟ್‌ನಲ್ಲಿ ಐನೂರು ರೂಪಾಯಿ ಉಳಿಸೋಕೆ ನಾಲ್ಕಾರು ಆ್ಯಪ್ ಹುಡುಕ್ತೀವಿ. ಆದ್ರೆ ಜೇಬಲ್ಲಿರೋ ಕಾರ್ಡ್ ಅಲ್ಲಿ ಎಷ್ಟು ಶುಲ್ಕ ಕಿತ್ತುಕೊಳ್ಳುತ್ತೆ ಅಂತ ನೋಡೋದೇ ಇಲ್ಲ. ಇವತ್ತು ಅದರ ಲೆಕ್ಕ ಹಾಕೋಣ.

ವಿದೇಶದಲ್ಲಿ ನಿಮ್ಮ ದುಡ್ಡು ಸೋರೋದು ಮೂರು ಕಡೆ.

ಮೊದಲನೆಯದು ನಿಮ್ಮದೇ ಬ್ಯಾಂಕ್. ಬೇರೆ ದೇಶದ ಕರೆನ್ಸಿಯಲ್ಲಿ ಖರ್ಚು ಮಾಡಿದಾಗ ಮಾರ್ಕಪ್ ಅಂತ ಒಂದು ಶುಲ್ಕ ಇರುತ್ತೆ. ಹಲವು ಕಾರ್ಡ್‌ಗಳಲ್ಲಿ ಇದು ಶೇ 2ರಿಂದ 3.5. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಶೇ 3.5 ಅಂತಲೇ ಇಟ್ಕೊಳ್ಳಿ. 50,000 ರೂಪಾಯಿ ಖರ್ಚಿಗೆ 1,750 ರೂಪಾಯಿ ಮಾರ್ಕಪ್, 315 ರೂಪಾಯಿ ಜಿಎಸ್‌ಟಿ. ಒಟ್ಟು 2,065 ರೂಪಾಯಿ ಸುಮ್ಮನೆ ಹೋಯ್ತು.

ಎರಡನೆಯದು ಅಲ್ಲಿನ ಎಟಿಎಂ. ಥಾಯ್ಲೆಂಡ್‌ನಲ್ಲಿ ವಿದೇಶಿ ಕಾರ್ಡ್ ಹಾಕಿದ್ರೆ ಪ್ರತಿ ಸಲ ಸುಮಾರು 220 ಬಾಟ್ ಶುಲ್ಕ, ಅಂದ್ರೆ ಐನೂರು ರೂಪಾಯಿಗೂ ಮೇಲೆ. ನೀವು ತೆಗೆಯೋದು ಸಾವಿರ ಬಾಟ್ ಆದ್ರೂ ಅಷ್ಟೇ, ಹತ್ತು ಸಾವಿರ ಆದ್ರೂ ಅಷ್ಟೇ. ಎರಡೆರಡು ಸಾವಿರದಂತೆ ಐದು ಸಲ ತೆಗೆದ್ರೆ 1,100 ಬಾಟ್ ಶುಲ್ಕ. ಹತ್ತು ಸಾವಿರ ಒಂದೇ ಸಲ ತೆಗೆದ್ರೆ 220 ಮಾತ್ರ. ‘ಝೀರೋ ಮಾರ್ಕಪ್’ ಅಂತ ಜಾಹೀರಾತು ಕೊಡೋ ಕಾರ್ಡ್ ಇದ್ರೂ ಈ ಶುಲ್ಕ ತಪ್ಪಲ್ಲ, ಯಾಕಂದ್ರೆ ಇದನ್ನು ತಗೊಳ್ಳೋದು ಎಟಿಎಂ ಇಟ್ಟ ಬ್ಯಾಂಕ್.

ಮೂರನೆಯದು ತುಂಬಾ ಜನ ಗಮನಿಸದೇ ಇರೋದು. ಎಟಿಎಂ ಪರದೆ ಮೇಲೆ ‘ರೂಪಾಯಿಯಲ್ಲಿ ಲೆಕ್ಕ ಹಾಕಲಾ, ಬಾಟ್‌ನಲ್ಲಾ’ ಅನ್ನೋ ಥರ ಒಂದು ಪ್ರಶ್ನೆ ಬರುತ್ತೆ. ಅಂಗಡಿಯ ಸ್ವೈಪ್ ಮೆಷಿನ್‌ನಲ್ಲೂ ಬರಬಹುದು. ನಮ್ಮ ರೂಪಾಯಿ ಕಂಡ ಕೂಡಲೇ ಸಮಾಧಾನ ಆಗುತ್ತೆ, ಒತ್ತಿಬಿಡ್ತೀವಿ. ಆದ್ರೆ ಆಗ ವಿನಿಮಯ ದರ ನಿಗದಿ ಮಾಡೋದು ಆ ಮೆಷಿನ್‌ನವರು, ಅದರಲ್ಲಿ ಅವರ ಲಾಭವೂ ಸೇರಿರುತ್ತೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಕರೆನ್ಸಿಯನ್ನೇ ಆರಿಸಿ. ‘ಕನ್ವರ್ಷನ್ ಬೇಡ’ ಅನ್ನೋ ಆಯ್ಕೆ ಇದ್ರೆ ಅದನ್ನೇ ಒತ್ತಿ.

ಸರಿ, ಹಾಗಾದ್ರೆ ಯಾವ ಕಾರ್ಡ್ ಒಯ್ಯಬೇಕು?

ಸಂತೆ, ಬೀದಿ ಬದಿ ಊಟ, ಟುಕ್‌ಟುಕ್‌ಗೆ ನಗದು ಬೇಕು. ಅದಕ್ಕೆ ಮಾರ್ಕಪ್ ಕಡಿಮೆ ಇರೋ ಡೆಬಿಟ್ ಕಾರ್ಡ್ ಇರಲಿ. ವಿದೇಶಿ ಎಟಿಎಂನಲ್ಲಿ ತೆಗೆದಾಗ ನಿಮ್ಮ ಬ್ಯಾಂಕ್ ಬೇರೆ ಶುಲ್ಕ ಹಾಕುತ್ತಾ ಅಂತಲೂ ಕೇಳಿ. ಹೋಟೆಲ್ ಮತ್ತು ದೊಡ್ಡ ಬಿಲ್‌ಗಳಿಗೆ ಕ್ರೆಡಿಟ್ ಕಾರ್ಡ್ ಒಳ್ಳೇದು. ಹೋಟೆಲ್‌ನವರು ಡೆಪಾಸಿಟ್ ಅಂತ ಮೊತ್ತ ತಡೆಹಿಡಿದ್ರೆ ನಿಮ್ಮ ಖಾತೆಯ ದುಡ್ಡು ಸಿಕ್ಕಿಹಾಕಿಕೊಳ್ಳಲ್ಲ. ಆದ್ರೆ ಕ್ರೆಡಿಟ್ ಕಾರ್ಡ್‌ನಿಂದ ನಗದು ಮಾತ್ರ ತೆಗೀಬೇಡಿ. ಶುಲ್ಕದ ಜೊತೆ ಅವತ್ತಿನಿಂದಲೇ ಬಡ್ಡಿ ಓಡೋಕೆ ಶುರುವಾಗುತ್ತೆ.

ಫಾರೆಕ್ಸ್ ಕಾರ್ಡ್‌ನಲ್ಲಿ ಮೊದಲೇ ವಿದೇಶಿ ಕರೆನ್ಸಿ ತುಂಬಿಸಿಟ್ಕೊಳ್ಳಬಹುದು, ಆಮೇಲೆ ದರ ಏರಿದ್ರೂ ಚಿಂತೆ ಇಲ್ಲ. ಆದ್ರೆ ಡಾಲರ್ ತುಂಬಿಸಿ ಬಾಟ್‌ನಲ್ಲಿ ಖರ್ಚು ಮಾಡಿದ್ರೆ ಮತ್ತೆ ಪರಿವರ್ತನೆ ಶುಲ್ಕ ಬೀಳಬಹುದು. ಹೋಗೋ ದೇಶದ ಕರೆನ್ಸಿ ಆ ಕಾರ್ಡ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ.

ಯುಪಿಐ ಇದೆಯಲ್ಲಾ ಅಂತೀರಾ? ನೇಪಾಳ, ಭೂತಾನ್, ಸಿಂಗಪುರ, ಯುಎಇಯಂಥ ಕೆಲವು ದೇಶಗಳ ಕೆಲವು ಅಂಗಡಿಗಳಲ್ಲಿ ನಡೆಯುತ್ತೆ. ಅದನ್ನೊಂದೇ ನಂಬ್ಕೊಂಡು ಹೊರಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾರ್ಡ್ ಎರಡಾದ್ರೂ ಇರಲಿ, ಅದೂ ಬೇರೆ ಬೇರೆ ಬ್ಯಾಂಕಿನದ್ದು. ಒಂದು ಪರ್ಸ್‌ನಲ್ಲಿ, ಇನ್ನೊಂದು ರೂಮಿನ ಬ್ಯಾಗ್‌ನಲ್ಲಿ. ಎಟಿಎಂ ಒಂದನ್ನು ನುಂಗಿದ್ರೂ, ಯಾರಾದ್ರೂ ಪರ್ಸ್ ಎಗರಿಸಿದ್ರೂ ಗೊತ್ತಿಲ್ಲದ ಊರಲ್ಲಿ ಊಟಕ್ಕೆ, ರೂಮಿಗೆ ಪರದಾಡಬೇಕಾಗಲ್ಲ.

ಹೊರಡೋ ಮುಂಚೆ ಇನ್ನೊಂದು ಕೆಲಸ. ರಿಸರ್ವ್ ಬ್ಯಾಂಕ್ 2020ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಹೊಸ ಕಾರ್ಡ್ ಕೈಗೆ ಬಂದಾಗ ದೇಶದೊಳಗೆ ಮಾತ್ರ ನಡೆಯುತ್ತೆ. ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ದಿನದ ಮಿತಿಯನ್ನೂ ಅಲ್ಲೇ ಹಾಕಿ. ಒಟಿಪಿ ಬರೋದು ಭಾರತದ ನಂಬರ್‌ಗೆ, ಹಾಗಾಗಿ ಆ ಸಿಮ್‌ಗೆ ರೋಮಿಂಗ್ ಇರಲಿ. ವಾಪಸ್ ಬಂದ ದಿನವೇ ವಿದೇಶಿ ಬಳಕೆ ಆಫ್ ಮಾಡಿ.

ನಿಮ್ಮ ಗ್ಯಾಂಗ್‌ನಲ್ಲಿ ಯಾರಾದ್ರೂ ಟಿಕೆಟ್ ಬುಕ್ ಮಾಡಿದ್ರೆ ಇದನ್ನು ಅವರಿಗೂ ಕಳಿಸಿ.